ಲಂಡನ್ನಿನ ಬೀದಿಗಳು: ಒಂದು ಅವಲೋಕನ

ಪೀಠಿಕೆ

‘ದೇಶ ಸುತ್ತು, ಕೋಶ ಓದು’ ಎಂಬ ಗಾದೆ ನಮ್ಮಲ್ಲಿ ಸರ್ವವಿದಿತವಾದುದು. ನನ್ನ ಆಯುಷ್ಯದ ಬಹುಭಾಗವು ಈ ಗಾದೆಯ ಉತ್ತರಾರ್ಧವನ್ನು ಪಾಲಿಸುವುದರಲ್ಲಿಯೇ ಕಳೆದುಹೋಯಿತು. ಪಾಠಶಾಲೆಯಲ್ಲಿ ಶಬ್ದಮಣಿದರ್ಪಣದ ಸೂತ್ರಗಳನ್ನು ಕಂಠಪಾಠ ಮಾಡಿ, ಅನಂತರ ಶ್ರೀಮಠದ ಈ ವಿದ್ಯಾಸಂಸ್ಥೆಯಲ್ಲಿ ಅದೇ ಸೂತ್ರಗಳನ್ನು ಮಕ್ಕಳಿಗೆ ಹೇಳಿಕೊಡುತ್ತ ಬಂದ ನನಗೆ ಪೂರ್ವಾರ್ಧದ ಯೋಗ ಒದಗಿದುದು ಐವತ್ತು ದಾಟಿದ ಮೇಲೆ. ನಮ್ಮ ಶಾಲೆಯಲ್ಲಿಯೇ ಓದಿ ಈಗ ಲಂಡನ್ನಿನಲ್ಲಿ ನೆಲೆಸಿರುವ ಶಿಷ್ಯನೊಬ್ಬನು ಒತ್ತಾಯಪೂರ್ವಕವಾಗಿ ಕರೆಸಿಕೊಂಡುದರ ಫಲವಾಗಿ ಮೂರು ವಾರಗಳ ಕಾಲ ಆ ಮಹಾನಗರದಲ್ಲಿ ಇರುವ ಅವಕಾಶ ನನಗೆ ದೊರೆಯಿತು.

ವಿದೇಶಕ್ಕೆ ಹೋಗಿ ಬಂದವರು ಅಲ್ಲಿಯ ಅರಮನೆಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ವರ್ಣಿಸುವುದು ವಾಡಿಕೆ. ಅವುಗಳನ್ನು ನಾನೂ ನೋಡಿದೆ. ಆದರೆ ಅವುಗಳ ವರ್ಣನೆ ಗ್ರಂಥಗಳಲ್ಲಿ ಸಾಕಷ್ಟು ದೊರೆಯುವುದರಿಂದ ಅದನ್ನಿಲ್ಲಿ ಬಿಟ್ಟಿದ್ದೇನೆ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಅಲ್ಲಿಯ ಬೀದಿ; ಬೀದಿಯಲ್ಲಿಯೂ ಯಾರೂ ನಿಂತು ನೋಡದ ಸಣ್ಣ ಪುಟ್ಟ ಸಂಗತಿಗಳು. ‘ಬೀದಿ’ ಎಂಬುದು ಸಂಸ್ಕೃತದ ‘ವೀಥಿ’ಯ ತದ್ಭವವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ವೀಥಿಯೆಂದರೆ ಸಾಲು, ಪಂಕ್ತಿ. ಪಂಕ್ತಿಯೆಂದ ಮೇಲೆ ಅದನ್ನು ಓದಲೂ ಬರಬೇಕಷ್ಟೆ.

ನಾನು ಬೀದಿಯನ್ನು ಓದತೊಡಗಿದುದಕ್ಕೆ ಒಂದು ಹಿನ್ನೆಲೆಯುಂಟು. ನನಗೆ ವ್ಯಾಕರಣ ಹೇಳಿಕೊಟ್ಟ ಗುರುಗಳು ಅರುವತ್ತರ ವಯಸ್ಸಿನಲ್ಲಿ ಕಣ್ಣು ಕಳೆದುಕೊಂಡರು. ಆದರೂ ದಿನವೂ ಸಂಜೆ ಮಠಕ್ಕೆ ಹೋಗಿ ಪುರಾಣ ಪ್ರವಚನ ಮಾಡುವ ನಿಯಮವನ್ನು ಅವರು ಬಿಟ್ಟಿರಲಿಲ್ಲ. ಅವರ ಕೈಹಿಡಿದು ಕರೆದೊಯ್ಯುವ ಕೆಲಸ ನನ್ನದಾಗಿತ್ತು. ಒಂದು ದಿನ ದಾರಿಯಲ್ಲಿ ಭೇಟಿಯಾದ ಗೆಳೆಯನೊಡನೆ ಮಾತಿಗೆ ನಿಂತು ನಾನು ಅವರ ಕೈ ಬಿಟ್ಟೆ. ನಾಲ್ಕು ಹೆಜ್ಜೆ ಮುಂದೆ ಹೋದ ಗುರುಗಳು, ಕಲ್ಲುಚಪ್ಪಡಿ ತೆಗೆದಿಟ್ಟಿದ್ದ ಚರಂಡಿಯೊಳಗೆ ಬಿದ್ದರು. ತೊಡೆಯ ಎಲುಬು ಮುರಿಯಿತು. ಹಾಸಿಗೆಯ ಬಳಿ ಕುಳಿತು ಅಳುತ್ತಿದ್ದ ನನಗೆ ಅವರು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ಅಳಬೇಡವೋ. ನಿನ್ನ ತಪ್ಪೂ ಅಲ್ಲ, ನನ್ನ ತಪ್ಪೂ ಅಲ್ಲ. ಆ ಬೀದಿ ನನಗೆ ಏನನ್ನೂ ಹೇಳಲಿಲ್ಲ.” ಗುರುಗಳು ಮತ್ತೆ ಬೀದಿಗೆ ಇಳಿಯಲಿಲ್ಲ, ಊರಿನಲ್ಲಿ ಆ ಪ್ರವಚನವೂ ಅಲ್ಲಿಗೆ ನಿಂತಿತು. ಬೀದಿಯೂ ಏನನ್ನಾದರೂ ಹೇಳಬಲ್ಲುದೇ ಎಂಬ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರದ ಒಂದಂಶವನ್ನು ಲಂಡನ್ನಿನಲ್ಲಿ ಕಂಡೆ.

ಶಬ್ದಕ್ಕೆ ಅಭಿಧೆ, ಲಕ್ಷಣೆ, ವ್ಯಂಜನೆಗಳೆಂಬ ಮೂರು ವೃತ್ತಿಗಳನ್ನು ಆಲಂಕಾರಿಕರು ಹೇಳುತ್ತಾರೆ. ನಾನು ಕಂಡ ಸಂಗತಿಗಳನ್ನು ಈ ಕ್ರಮದಲ್ಲಿಯೇ ನಿರೂಪಿಸುತ್ತೇನೆ. ನನಗೆ ತಿಳಿದ ಕ್ರಮ ಇದೊಂದೇ.

೧. ಅಭಿಧೆ: ಬೀದಿಯು ನೇರವಾಗಿ ಹೇಳುವುದು

ಲಂಡನ್ನಿಗೆ ಹೋದೊಡನೆ ನಾನು ಮಾಡಿದ ಮೊದಲ ಕೆಲಸ ಬಸವೇಶ್ವರರ ದರ್ಶನ. ಥೇಮ್ಸ್ ನದಿಯ ದಡದಲ್ಲಿ, ಲ್ಯಾಂಬೆತ್ ಭಾಗದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ರಸ್ತೆಯ ಬದಿಯಲ್ಲಿ ಅಣ್ಣನವರ ಪ್ರತಿಮೆಯಿದೆ. ಇದನ್ನು ೨೦೧೫ರ ನವೆಂಬರ್ ೧೪ರಂದು ಭಾರತದ ಪ್ರಧಾನಮಂತ್ರಿ ಶ್ರೀ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ಸಾವಿರಾರು ಮೈಲಿ ದೂರದಲ್ಲಿ ಆ ಮೂರ್ತಿಯೆದುರು ಕೈಮುಗಿದು ನಿಂತಾಗ ಉಂಟಾದ ಭಾವವನ್ನು ವಾಚಕರೇ ಊಹಿಸಿಕೊಳ್ಳಬಹುದು. ಮುಂದಿನ ದಿನಗಳಲ್ಲಿಯೂ ಬೆಳಗಿನ ವಾಯುಸಂಚಾರಕ್ಕೆ ನಾನು ಅದೇ ದಾರಿಯನ್ನು ಆರಿಸಿಕೊಂಡೆ. ಆದುದರಿಂದ ಇಲ್ಲಿ ಹೇಳುವ ಬಹಳಷ್ಟು ಸಂಗತಿಗಳು ಆ ದಾರಿಯವು, ಅದರ ಆಸುಪಾಸಿನವು.

ಪರಸ್ಥಳದವನು ದಾರಿ ಕೇಳದೆಯೇ ನಡೆಯಬಲ್ಲನೆಂಬುದು ಅಲ್ಲಿ ನನಗಾದ ಮೊದಲ ಅನುಭವ. ಬೀದಿಯ ಹೆಸರಿನ ಫಲಕವು ಸಾಮಾನ್ಯವಾಗಿ ಮೂಲೆಯ ಕಟ್ಟಡದ ಗೋಡೆಯ ಮೇಲೆ ಇರುತ್ತದೆ. ಅನೇಕ ಫಲಕಗಳಲ್ಲಿ ಬೀದಿಯ ಹೆಸರಿನೊಡನೆ ಆ ಭಾಗದ ಸ್ಥಳೀಯ ಆಡಳಿತದ ಹೆಸರೂ ಅಂಚೆ ವಿಭಾಗದ ಸಂಕೇತವೂ ಕಾಣುತ್ತವೆ. ರೋಲೆಂಡ್ ಹಿಲ್ ಎಂಬಾತನ ಯೋಜನೆಯಂತೆ ೧೮೫೦ರ ದಶಕದ ಕೊನೆಯಲ್ಲಿ ಲಂಡನ್ನನ್ನು ದಿಕ್ಕುಗಳಿಗನುಸಾರವಾಗಿ ಅಂಚೆ ವಿಭಾಗಗಳನ್ನಾಗಿ ಮಾಡಲಾಯಿತು; ೧೯೧೭ರಲ್ಲಿ ಅವುಗಳಿಗೆ ಅಂಕಿಗಳನ್ನು ಸೇರಿಸಿದರು. ಇದರಿಂದ ಗೋಡೆಯ ಫಲಕವೊಂದನ್ನು ನೋಡಿದ ಮಾತ್ರಕ್ಕೆ ತಾನು ನಗರದ ಯಾವ ದಿಕ್ಕಿನಲ್ಲಿದ್ದೇನೆಂಬುದು ಅಪರಿಚಿತನಿಗೂ ತಿಳಿಯುತ್ತದೆ.

ರಸ್ತೆ ದಾಟುವಲ್ಲಿ ನೆಲದ ಮೇಲೆಯೇ ದೊಡ್ಡ ಅಕ್ಷರಗಳಲ್ಲಿ ‘ಬಲಕ್ಕೆ ನೋಡಿರಿ’, ‘ಎಡಕ್ಕೆ ನೋಡಿರಿ’ ಎಂದು ಇಂಗ್ಲಿಷಿನಲ್ಲಿ ಬರೆದಿರುವುದನ್ನು ನಗರದ ಮಧ್ಯಭಾಗದಲ್ಲೆಲ್ಲ ಕಾಣಬಹುದು. ನಮ್ಮಂತೆಯೇ ಅಲ್ಲಿಯೂ ವಾಹನಗಳು ಎಡಬದಿಯಲ್ಲಿ ಚಲಿಸುವುದರಿಂದ ನಮಗೆ ಇದು ಅನಾವಶ್ಯಕವೆನಿಸಬಹುದು. ಆದರೆ ಬಲಬದಿಯ ಸಂಚಾರವಿರುವ ದೇಶಗಳಿಂದ ಬಂದವನು ಅಭ್ಯಾಸಬಲದಿಂದ ವಿರುದ್ಧ ದಿಕ್ಕಿಗೆ ನೋಡಿ ಹೆಜ್ಜೆಯಿಡುತ್ತಾನೆ. ಆ ತಪ್ಪು ಘಟಿಸುವ ಜಾಗದಲ್ಲಿಯೇ, ಅವನ ಪಾದದ ಬಳಿಯಲ್ಲಿಯೇ ಎಚ್ಚರಿಕೆಯನ್ನು ಬರೆದಿದ್ದಾರೆ. ತಪ್ಪು ಮಾಡಿದವನನ್ನು ಬಯ್ಯುವುದಕ್ಕಿಂತ ತಪ್ಪು ಎಲ್ಲಿ ಆಗುತ್ತದೆಂದು ಮೊದಲೇ ಊಹಿಸುವುದು ಉತ್ತಮ ಶಿಕ್ಷಕನ ಲಕ್ಷಣವಲ್ಲವೇ?

ಪಾದಚಾರಿಗಳು ದಾಟುವ ಕಪ್ಪು-ಬಿಳಿ ಪಟ್ಟೆಗಳ ಎರಡೂ ತುದಿಗಳಲ್ಲಿ, ಪಟ್ಟೆಯುಳ್ಳ ಕಂಬದ ಮೇಲೆ ಕಿತ್ತಳೆ ಬಣ್ಣದ ಗೋಲದೀಪಗಳಿರುತ್ತವೆ. ೧೯೩೪ರಲ್ಲಿ ಸಾರಿಗೆ ಮಂತ್ರಿಯಾಗಿದ್ದ ಲೆಸ್ಲಿ ಹೋರ್-ಬೆಲಿಶಾ ಅವರ ಹೆಸರನ್ನು ಈ ದೀಪ ಇಂದಿಗೂ ಹೊತ್ತಿದೆ. ದೀಪವೊಂದರಿಂದಲೇ ಸಾಲದೆಂದು ಕಂಡಾಗ ೧೯೪೯ರಲ್ಲಿ ನೆಲದ ಮೇಲೆ ಬಣ್ಣದ ಪಟ್ಟೆಗಳನ್ನು ಬಳಿದು ಪರೀಕ್ಷಿಸಿದರು. ೧೯೫೧ರಲ್ಲಿ ಜೀಬ್ರಾ ಪಟ್ಟೆಗೆ ಕಾನೂನಿನ ಮಾನ್ಯತೆ ದೊರೆಯಿತು. ಇಂದು ಜಗತ್ತಿನ ಊರೂರಿನಲ್ಲಿ ಕಾಣುವ ಈ ಪಟ್ಟೆಗಳ ಹಿಂದೆ ಎಷ್ಟು ಪ್ರಯೋಗ ನಡೆದಿದೆಯೆಂಬುದನ್ನು ಇದರಿಂದ ತಿಳಿಯಬಹುದು.

ಶಾಲೆಗಳ ಬಳಿಯ ಚಿಹ್ನೆಯೊಂದನ್ನು ಶಿಕ್ಷಕ ಬಂಧುಗಳ ಗಮನಕ್ಕೆ ತರಬಯಸುತ್ತೇನೆ. ಬ್ರಿಟನ್ನಿನ ರಸ್ತೆಫಲಕಗಳನ್ನು ಜಾಕ್ ಕಿನೀರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ಎಂಬಿಬ್ಬರು ಹೊಸದಾಗಿ ರೂಪಿಸಿದರು. ಅವು ೧೯೬೫ರಿಂದ ಜಾರಿಗೆ ಬಂದವು. ‘ಮಕ್ಕಳಿದ್ದಾರೆ, ಎಚ್ಚರಿಕೆ’ ಎಂಬುದನ್ನು ಸೂಚಿಸುವ ಹಳೆಯ ಫಲಕದಲ್ಲಿ ಟೋಪಿ ಧರಿಸಿದ ಹುಡುಗನೊಬ್ಬ ಮುಂದೆ ನಡೆಯುತ್ತಿದ್ದ. ಕ್ಯಾಲ್ವರ್ಟ್ ಅವರು ಅದನ್ನು ಬದಲಿಸಿ, ಹಿರಿಯ ಹುಡುಗಿಯೊಬ್ಬಳು ಕಿರಿಯ ಬಾಲಕನ ಕೈಹಿಡಿದು ನಡೆಸುವಂತೆ ಚಿತ್ರಿಸಿದರು. ಆ ಹುಡುಗಿಯ ಆಕೃತಿಗೆ ಅವರ ಬಾಲ್ಯದ ರೂಪವೇ ಆಧಾರ. ಆ ಫಲಕದೆದುರು ನಾನು ನಿಂತುಬಿಟ್ಟೆ. ಒಂದು ಕೈ ಇನ್ನೊಂದು ಕೈಯನ್ನು ಹಿಡಿದಿರುವ ಚಿತ್ರ ನನಗೆ ಯಾರನ್ನು ನೆನಪಿಸಿತೆಂದು ಬೇರೆ ಹೇಳಬೇಕಾಗಿಲ್ಲ.

೨. ಲಕ್ಷಣೆ: ಕಣ್ಣಿಗೆ ಬಾಧೆಯಾದಾಗ

ಮುಖ್ಯಾರ್ಥಕ್ಕೆ ಬಾಧೆಯುಂಟಾದಾಗ ಲಕ್ಷಣೆ ಪ್ರವರ್ತಿಸುತ್ತದೆಂಬುದು ಶಾಸ್ತ್ರ. ‘ಗಂಗೆಯಲ್ಲಿ ಗೊಲ್ಲರ ಹಟ್ಟಿ’ ಎಂದಾಗ ಪ್ರವಾಹದಲ್ಲಿ ಹಟ್ಟಿಯಿರುವುದು ಅಸಂಭವವಾದುದರಿಂದ, ಗಂಗೆಯೆಂಬ ಪದ ದಡವನ್ನು ಬೋಧಿಸುತ್ತದೆ. ಇದರಂತೆಯೇ, ಮೇಲೆ ಹೇಳಿದ ಫಲಕ, ದೀಪ, ಬಣ್ಣಗಳೆಲ್ಲವೂ ಕಣ್ಣುಳ್ಳವನಿಗೆ ಮಾತ್ರ ಅರ್ಥ ಕೊಡುತ್ತವೆ. ಕಣ್ಣಿಲ್ಲದವನ ವಿಷಯದಲ್ಲಿ ಆ ಅರ್ಥಕ್ಕೆ ಬಾಧೆಯುಂಟಾಯಿತು. ಆಗ ಬೀದಿಯು ಬೇರೆ ದಾರಿಯಿಂದ ಮಾತನಾಡಬೇಕು.

ಒಂದು ಬೆಳಿಗ್ಗೆ ವಾಕ್ಸ್‌ಹಾಲ್ ಕಡೆಯ ಚೌಕವೊಂದರಲ್ಲಿ ಬಿಳಿಯ ಕೋಲು ಹಿಡಿದ ವೃದ್ಧರೊಬ್ಬರು ರಸ್ತೆ ದಾಟಲು ನಿಂತಿದ್ದರು. ಅಲ್ಲಿ ಪಾದಚಾರಿಗಳು ಒತ್ತಬೇಕಾದ ಗುಂಡಿಯ ಪೆಟ್ಟಿಗೆಯೊಂದು ಕಂಬಕ್ಕೆ ಇತ್ತು. ವೃದ್ಧರು ಗುಂಡಿಯನ್ನು ಒತ್ತಿ, ಬೆರಳುಗಳನ್ನು ಪೆಟ್ಟಿಗೆಯ ಅಡಿಯಲ್ಲಿ ಇಟ್ಟುಕೊಂಡು ಸುಮ್ಮನೆ ನಿಂತರು. ಎಲ್ಲಿಯೂ ಶಬ್ದವಾಗಲಿಲ್ಲ, ಯಾರೂ ಅವರಿಗೆ ಏನನ್ನೂ ಹೇಳಲಿಲ್ಲ. ಆದರೆ ಹಸಿರು ದೀಪ ಬೆಳಗಿದ ಕ್ಷಣದಲ್ಲಿಯೇ ಅವರು ಕೈ ತೆಗೆದು ನಿಶ್ಚಿಂತೆಯಿಂದ ರಸ್ತೆ ದಾಟಿ ಹೋದರು. ನನಗೆ ಆಶ್ಚರ್ಯವಾಯಿತು. ಶಿಷ್ಯನನ್ನು ಕೇಳಿದರೆ, “ಎಂಟು ವರ್ಷಗಳಿಂದ ಇಲ್ಲಿ ದಾಟುತ್ತಿದ್ದೇನೆ ಗುರುಗಳೇ, ನನಗೂ ಗೊತ್ತಿಲ್ಲ” ಎಂದ. ಇಬ್ಬರೂ ಹೋಗಿ ಪೆಟ್ಟಿಗೆಯ ಅಡಿಯನ್ನು ಮುಟ್ಟಿ ನೋಡಿದೆವು. ಅಲ್ಲಿ ಹೆಬ್ಬೆರಳ ತುದಿಯಷ್ಟು ಗಾತ್ರದ, ಮೈಮೇಲೆ ಗೀರುಗಳುಳ್ಳ ಸಣ್ಣ ಶಂಕುವಿನಾಕಾರದ ತುಣುಕೊಂದು ಕೈಗೆ ತಾಗಿತು. ಹಸಿರು ದೀಪ ಬಂದೊಡನೆ ಅದು ಬೆರಳ ಕೆಳಗೆ ಗಿರ್ರನೆ ತಿರುಗಿತು, ಕೆಂಪಾದೊಡನೆ ನಿಂತಿತು.

ಅನಂತರ ವಿಚಾರಿಸಿ ತಿಳಿದುದೇನೆಂದರೆ, ಇದು ೧೯೮೦ರ ದಶಕದಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸಾಧನ. ಕುರುಡರಿಗಾಗಿ ಶಬ್ದಸಂಕೇತವಿದ್ದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಹತ್ತಿರ ಹತ್ತಿರದಲ್ಲಿ ಎರಡು ದಾಟುದಾರಿಗಳಿರುವಲ್ಲಿ ಒಂದರ ಶಬ್ದವನ್ನು ಇನ್ನೊಂದರದೆಂದು ಭ್ರಮಿಸಿ ಹೆಜ್ಜೆಯಿಟ್ಟರೆ ಪ್ರಾಣಕ್ಕೇ ಅಪಾಯ. ಅಲ್ಲದೆ, ಕಣ್ಣಿನೊಡನೆ ಕಿವಿಯನ್ನೂ ಕಳೆದುಕೊಂಡವರಿಗೆ ಶಬ್ದದಿಂದ ಪ್ರಯೋಜನವೇನು? ಬೆರಳ ತುದಿಗೆ ತಿಳಿಯುವ ಸಂಕೇತದಲ್ಲಿ ಈ ಎರಡು ದೋಷಗಳೂ ಇಲ್ಲ. ಕಣ್ಣುಳ್ಳವರಾರೂ ಅದನ್ನು ನೋಡುವುದಿಲ್ಲ, ಹೊಗಳುವುದೂ ಇಲ್ಲ. ಬೇಕಾದವನ ಬೆರಳಿಗೆ ಮಾತ್ರ ಅದು ಸಿಗುತ್ತದೆ. ಗುಪ್ತದಾನವೆಂದರೆ ಇದೇ ಅಲ್ಲವೇ?

ಕೈಗೆ ತಿಳಿಯುವುದು ಇದಾದರೆ ಕಾಲಿಗೆ ತಿಳಿಯುವುದು ಮತ್ತೊಂದಿದೆ. ಗಾಲಿಕುರ್ಚಿಯವರಿಗೂ ಮಗುವಿನ ಕೈಗಾಡಿ ತಳ್ಳುವ ತಾಯಂದಿರಿಗೂ ಅನುಕೂಲವಾಗಲೆಂದು ದಾಟುವ ಜಾಗದಲ್ಲಿ ಕಾಲುದಾರಿಯ ಅಂಚನ್ನು ಇಳಿಜಾರು ಮಾಡಿ ರಸ್ತೆಯ ಮಟ್ಟಕ್ಕೆ ತಂದಿರುತ್ತಾರೆ. ಆದರೆ ಕುರುಡನಿಗೆ ಕಾಲುದಾರಿ ಮುಗಿಯಿತೆಂದು ಹೇಳುತ್ತಿದ್ದುದು ಆ ಅಂಚೇ. ಒಬ್ಬನ ಅನುಕೂಲ ಇನ್ನೊಬ್ಬನಿಗೆ ಅಪಾಯವಾಯಿತು. ಈ ವಿರೋಧವನ್ನು ಪರಿಹರಿಸಲು ಇಳಿಜಾರಿನ ತುದಿಯಲ್ಲಿ ಸುಮಾರು ೫ ಮಿಲಿಮೀಟರ್ ಎತ್ತರದ ಗುಬ್ಬಿಗಳುಳ್ಳ ಚಪ್ಪಡಿಗಳನ್ನು ಹಾಸಿದ್ದಾರೆ. ಪಾದರಕ್ಷೆಯ ಮೂಲಕವೂ ಅವು ಪಾದಕ್ಕೆ ತಿಳಿಯುತ್ತವೆ. ‘ಇಲ್ಲಿ ನಿಲ್ಲು, ಮುಂದೆ ರಸ್ತೆಯಿದೆ’ ಎನ್ನುತ್ತವೆ. ದೀಪದ ಅಥವಾ ಜೀಬ್ರಾ ಪಟ್ಟೆಯ ನಿಯಂತ್ರಣವಿರುವಲ್ಲಿ ಅವು ಕೆಂಪು. ಉಳಿದೆಡೆ ಸಾಮಾನ್ಯವಾಗಿ ಮಾಸಲು ಹಳದಿ. ಪೂರ್ಣವಾಗಿ ಕುರುಡರಲ್ಲದೆ ಮಂದದೃಷ್ಟಿಯುಳ್ಳವರಿಗೆ ಈ ಬಣ್ಣಭೇದವೂ ಸಹಾಯಕ. ನಿಯಂತ್ರಿತ ದಾಟುದಾರಿಗಳಲ್ಲಿ ಇದರದೊಂದು ಪಟ್ಟಿ ಕಾಲುದಾರಿಗೆ ಅಡ್ಡಲಾಗಿ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಗೋಡೆಯ ಪಕ್ಕದಲ್ಲಿ ನಡೆದು ಬರುವವನ ಕಾಲಿಗೆ ಅದು ತಾಗಿ, ಗುಂಡಿಯ ಕಂಬದವರೆಗೂ ಅವನನ್ನು ಕರೆದೊಯ್ಯುತ್ತದೆ. ಮೆಟ್ಟಿಲುಗಳಂಥ ಅಪಾಯವಿರುವಲ್ಲಿ ಗುಬ್ಬಿಗಳ ಬದಲು ಅಡ್ಡಗೆರೆಗಳ ಚಪ್ಪಡಿಗಳಿರುತ್ತವೆ. ಇದೊಂದು ಲಿಪಿ, ಪಾದವೇ ಅದರ ಓದುಗ.

ಈ ಲಿಪಿಯ ಮೂಲ ಲಂಡನ್ನಲ್ಲ, ಜಪಾನು. ಸೇಯಿಚಿ ಮಿಯಾಕೆ ಎಂಬಾತ ದೃಷ್ಟಿ ಕುಂದುತ್ತಿದ್ದ ಮಿತ್ರನೊಬ್ಬನಿಗಾಗಿ ೧೯೬೫ರಲ್ಲಿ ಇಂಥ ಚಪ್ಪಡಿಯನ್ನು ಕಲ್ಪಿಸಿದ. ೧೯೬೭ರ ಮಾರ್ಚ್ ೧೮ರಂದು ಒಕಾಯಾಮಾ ನಗರದ ಅಂಧರ ಶಾಲೆಯ ಸಮೀಪದ ರಸ್ತೆಯಲ್ಲಿ ಅದನ್ನು ಮೊದಲಬಾರಿಗೆ ಹಾಸಲಾಯಿತು. ಒಬ್ಬ ಗೆಳೆಯನ ಮೇಲಿನ ಪ್ರೀತಿಯಿಂದ ಹುಟ್ಟಿದ ವಸ್ತು, ಒಂದು ಶಾಲೆಯ ದಾರಿಯಿಂದ ಹೊರಟು ದೇಶದೇಶಗಳಿಗೆ ಹರಡಿತೆಂಬುದನ್ನು ಶಾಲೆಯವರಾದ ನಾವು ವಿಶೇಷವಾಗಿ ಗಮನಿಸಬೇಕು.

೩. ವ್ಯಂಜನೆ: ಬೀದಿಯು ಸೂಚಿಸುವುದು

ಬಾಯಿಬಿಟ್ಟು ಹೇಳದೆ ಸೂಚಿಸುವುದು ವ್ಯಂಜನೆ. ಹಳೆಯ ಮನೆಗಳ ಮುಂದಿನ ಕಾಲುದಾರಿಯಲ್ಲಿ ಊಟದ ತಟ್ಟೆಯಗಲದ, ಉಬ್ಬು ಚಿತ್ತಾರಗಳುಳ್ಳ ದುಂಡನೆಯ ಕಬ್ಬಿಣದ ಮುಚ್ಚಳಗಳನ್ನು ಕಂಡೆ. ಮನೆಗಳು ಕಲ್ಲಿದ್ದಲನ್ನು ಉರಿಸಿ ಬೆಚ್ಚಗಿರುತ್ತಿದ್ದ ಕಾಲದಲ್ಲಿ, ಇದ್ದಲಿನ ಚೀಲಗಳನ್ನು ಒಳಗೆ ತಾರದೆ ಬೀದಿಯಿಂದಲೇ ನೆಲಮಾಳಿಗೆಗೆ ಸುರಿಯುವುದಕ್ಕಾಗಿ ಮಾಡಿದ ರಂಧ್ರಗಳವು. ಚೌಕಾಕಾರದ ಮುಚ್ಚಳ ಓರೆಯಾದರೆ ತನ್ನ ರಂಧ್ರದೊಳಕ್ಕೇ ಬೀಳಬಹುದು. ದುಂಡನೆಯದು ಹೇಗೆ ತಿರುಗಿಸಿದರೂ ಬೀಳದು. ೧೯೫೨ರ ಡಿಸೆಂಬರಿನಲ್ಲಿ ಕವಿದ ವಿಷಮಂಜಿನಿಂದ ಸಹಸ್ರಾರು ಜನ ಮಡಿದ ಮೇಲೆ, ೧೯೫೬ರಲ್ಲಿ ಶುದ್ಧ ವಾಯು ಶಾಸನ ಬಂದಿತು. ಕ್ರಮೇಣ ಮನೆಗಳ ಇದ್ದಲಿನ ಒಲೆಗಳು ಆರಿದವು. ಕೆಲಸವಿಲ್ಲದಿದ್ದರೂ ಮುಚ್ಚಳಗಳು ಉಳಿದಿವೆ. ಬಲ್ಲವನಿಗೆ ಅವು ಆ ನಗರ ಉಸಿರುಗಟ್ಟಿ ನರಳಿದ ಕಥೆಯನ್ನು ಸೂಚಿಸುತ್ತವೆ.

ನದೀತೀರದ ದೀಪಸ್ತಂಭಗಳ ಬುಡಕ್ಕೆ ದೊಡ್ಡ ಮೀನುಗಳು ಸುತ್ತಿಕೊಂಡಿವೆ. ೧೮೭೦ರಲ್ಲಿ ಜಾರ್ಜ್ ವಲಿಯಾಮಿ ಎಂಬ ವಾಸ್ತುಶಿಲ್ಪಿ ಅವನ್ನು ರೂಪಿಸಿದ. ಆಚೆಯ ದಡದಲ್ಲಿ ೧೮೭೮ರಲ್ಲಿ ನಿಲ್ಲಿಸಿದ ಈಜಿಪ್ತಿನ ಶಿಲಾಸ್ತಂಭದ ಸಮೀಪ ಕುಳಿತುಕೊಳ್ಳುವ ಪೀಠಗಳಿಗೆ ಒಂಟೆಯ ಆಕೃತಿಯ ಕೈಗಳಿವೆ. ಆ ಪೀಠಗಳನ್ನು ಜಗಲಿಯಂತೆ ಎತ್ತರಿಸಿದ್ದಾರೆ. ಕುಳಿತವನಿಗೆ ತಡೆಗೋಡೆಯ ಮೇಲಿಂದ ನದಿ ಕಾಣಲಿ ಎಂಬುದಕ್ಕೆ ಇದು ಒದಗುತ್ತದೆ. ಮನೆಯ ಗೋಡೆಗಳ ಮೇಲೆ ಮಹನೀಯರ ಸ್ಮರಣೆಗಾಗಿ ಹಾಕುವ ನೀಲಿಯ ಫಲಕಗಳ ಪದ್ಧತಿ ೧೮೬೦ರ ದಶಕದಿಂದ ಬಂದುದು. ಕಿಂಗ್ ಹೆನ್ರೀಸ್ ರಸ್ತೆಯ ೧೦ನೆಯ ಸಂಖ್ಯೆಯ ಮನೆಯ ಮೇಲೂ ಒಂದು ನೀಲಿ ಫಲಕವಿದೆ. ೧೯೨೧-೨೨ರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರು ವಿದ್ಯಾರ್ಥಿಯಾಗಿ ವಾಸಿಸಿದ ಮನೆಯದು. ಹುಟ್ಟಿದ ನೆಲದಲ್ಲಿ ಬೀದಿಯ ಸಮಾನತೆಗಾಗಿ, ಕೆರೆಯ ನೀರಿಗಾಗಿ ಹೋರಾಡಬೇಕಾಗಿ ಬಂದ ಪುರುಷನ ಹೆಸರನ್ನು ದೂರದೇಶದ ಬೀದಿಯಲ್ಲಿ ಓದಿದಾಗ ನನ್ನ ತಲೆ ಬಾಗಿತು. ಆ ಬಾಗುವಿಕೆಯಲ್ಲಿ ಗೌರವವೆಷ್ಟೋ ಲಜ್ಜೆಯೂ ಅಷ್ಟೇ ಇತ್ತು.

೪. ದೋಷವಿಚಾರ

ಗುಣಗಳನ್ನು ಹೇಳಿದ ಮೇಲೆ ದೋಷವನ್ನೂ ಹೇಳುವುದು ಶಾಸ್ತ್ರಮರ್ಯಾದೆ. ಲಂಡನ್ನಿನಲ್ಲಿ ಎಲ್ಲವೂ ಸರಿಯಾಗಿದೆಯೆಂದು ವಾಚಕರು ಭಾವಿಸಬಾರದು. ವಸ್ತುಸಂಗ್ರಹಾಲಯಗಳಿರುವ ಎಕ್ಸಿಬಿಷನ್ ರಸ್ತೆಯನ್ನು ೨೦೧೨ರ ಹೊತ್ತಿಗೆ ಹೊಸದಾಗಿ ಕಟ್ಟಿದರು. ಕಾಲುದಾರಿ, ವಾಹನಮಾರ್ಗ ಎಂಬ ಎತ್ತರದ ಭೇದವನ್ನೇ ತೆಗೆದುಹಾಕಿ, ಗೋಡೆಯಿಂದ ಗೋಡೆಯವರೆಗೆ ಒಂದೇ ಮಟ್ಟದಲ್ಲಿ ಸುಂದರವಾದ ಕಲ್ಲುಹಾಸನ್ನು ಹಾಸಿದರು. ಎಲ್ಲರೂ ಒಬ್ಬರನ್ನೊಬ್ಬರು ನೋಡಿ, ಸಾವಧಾನದಿಂದ ಹಂಚಿಕೊಂಡು ನಡೆಯಲಿ ಎಂಬುದು ಉದ್ದೇಶ. ಉದ್ದೇಶ ಉದಾತ್ತವೇ. ಆದರೆ ‘ಒಬ್ಬರನ್ನೊಬ್ಬರು ನೋಡಿ’ ಎಂಬಲ್ಲಿಯೇ ದೋಷವಡಗಿತ್ತು. ನೋಡಲಾಗದವನು ಏನು ಮಾಡಬೇಕು? ಅಂಧರ ಪರವಾದ ಸಂಸ್ಥೆಗಳು ಇದನ್ನು ವಿರೋಧಿಸಿದವು. ಗೆರೆಗಳ ಚಪ್ಪಡಿಯ ಪಟ್ಟಿಯನ್ನು ಸೇರಿಸಿದರೂ ವಿವಾದ ಶಮನವಾಗಲಿಲ್ಲ. ಕೊನೆಗೆ ೨೦೧೮ರಲ್ಲಿ ಬ್ರಿಟಿಷ್ ಸರಕಾರವೇ ಇಂಥ ಸಮತಲ ಬೀದಿಗಳ ಹೊಸ ಯೋಜನೆಗಳನ್ನು ತಡೆಹಿಡಿಯುವಂತೆ ಸ್ಥಳೀಯ ಆಡಳಿತಗಳಿಗೆ ಸೂಚಿಸಿತು. ಆ ಬೀದಿಯಲ್ಲಿ ಕಣ್ಣುಮುಚ್ಚಿ ಹತ್ತು ಹೆಜ್ಜೆ ನಡೆಯಲು ಯತ್ನಿಸಿದೆ. ಆರನೆಯದಕ್ಕೆ ಕಣ್ಣು ತೆರೆದೆ. ಅಲಂಕಾರವು ರಸಕ್ಕೆ ಭಂಗ ತರುವಂತಿದ್ದರೆ ಅದು ಅಲಂಕಾರವಲ್ಲವೆಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಅದರ ಅರ್ಥ ನನಗೆ ಪೂರ್ಣವಾಗಿ ತಿಳಿದುದು ಅಲ್ಲಿ.

೫. ನಮ್ಮ ಕರ್ತವ್ಯ

ಇಷ್ಟನ್ನು ಹೇಳಿದುದು ಪರದೇಶವನ್ನು ಹೊಗಳಿ ಸ್ವದೇಶವನ್ನು ಹಳಿಯುವುದಕ್ಕಲ್ಲ. ಅಂಧ ಬಾಲಕರಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದ ಗದುಗಿನ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಸ್ವತಃ ಅಂಧರಾಗಿದ್ದು, ಈ ನಾಡಿಗೇ ಕಣ್ಣಾದವರು. ನಮ್ಮಲ್ಲಿ ಕರುಣೆಗೆ ಕೊರತೆಯಿಲ್ಲ; ಆ ಕರುಣೆ ನಮ್ಮ ಬೀದಿಯವರೆಗೆ ಇಳಿದುಬಂದಿಲ್ಲ, ಅಷ್ಟೆ. ಅಂಗವಿಕಲರ ಹಕ್ಕುಗಳ ಶಾಸನ ೨೦೧೬ರಲ್ಲಿಯೇ ಬಂದಿದೆ. ೨೦೧೧ರಲ್ಲಿ ಆರಂಭವಾದ ಬೆಂಗಳೂರಿನ ನಮ್ಮ ಮೆಟ್ರೋದ ನಿಲ್ದಾಣಗಳಲ್ಲಿ ಹಳದಿಯ ಗುಬ್ಬಿ ಚಪ್ಪಡಿಗಳಿವೆ. ಆದರೆ ನಗರವೊಂದರ ಕಾಲುದಾರಿಯಲ್ಲಿ ಇಂಥ ಚಪ್ಪಡಿಗಳ ಸಾಲು ನೇರವಾಗಿ ವಿದ್ಯುತ್ ಕಂಬಕ್ಕೆ ಹೋಗಿ ಮುಟ್ಟಿದುದನ್ನೂ ನಾನು ಕಂಡಿದ್ದೇನೆ. ಅಕ್ಷರಗಳನ್ನು ನಕಲು ಮಾಡಿದವನಿಗೆ ಅರ್ಥ ತಿಳಿಯದಿದ್ದರೆ ಹೀಗಾಗುತ್ತದೆ.

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ನಮ್ಮ ಶಾಲೆಯ ಹೆಬ್ಬಾಗಿಲಿನಿಂದ ಬಸ್ ನಿಲ್ದಾಣಕ್ಕೆ ಇನ್ನೂರ ನಲವತ್ತು ಹೆಜ್ಜೆಗಳು. ಊರಿಗೆ ಮರಳಿದ ಮೇಲೆ ಎಣಿಸಿದ್ದೇನೆ. ಅಷ್ಟರಲ್ಲಿ ಚಪ್ಪಡಿಯಿಲ್ಲದ ಚರಂಡಿ ಮೂರು ಕಡೆ, ಮೊಣಕಾಲೆತ್ತರದ ಅಂಚು ಎರಡು ಕಡೆ, ದಾರಿಯ ನಡುವೆ ಕಂಬ ಒಂದು. ಪ್ರೌಢ ತರಗತಿಯ ಮಕ್ಕಳನ್ನು ಇಬ್ಬಿಬ್ಬರಂತೆ ಜೊತೆಮಾಡಿ, ಒಬ್ಬನಿಗೆ ಕಣ್ಣುಕಟ್ಟಿ, ಇನ್ನೊಬ್ಬನಿಗೆ ಅವನ ಕೈಯನ್ನು ಬಿಡದೆ ಹಿಡಿಯಲು ಹೇಳಿ, ಈ ದಾರಿಯನ್ನು ಒಮ್ಮೆ ನಡೆಯಿಸಿರಿ. ಅನಂತರ ತಾವು ತಡವರಿಸಿದ ಜಾಗಗಳನ್ನು ಅವರು ಪಟ್ಟಿಮಾಡಲಿ. ಅದಕ್ಕಿಂತ ಉತ್ತಮವಾದ ನಿಬಂಧ ರಚನೆಯ ಪಾಠ ನನಗೆ ತಿಳಿದಿಲ್ಲ. ಆ ಪಟ್ಟಿಯನ್ನು ಶಾಲೆಯ ಮೂಲಕ ಸ್ಥಳೀಯ ಆಡಳಿತಕ್ಕೆ ಒಪ್ಪಿಸೋಣ.

ದಾನಿಗಳಲ್ಲಿ ಮತ್ತು ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ವಿನಂತಿ. ತಮ್ಮ ಔದಾರ್ಯದಿಂದ ಈ ಸಂಸ್ಥೆಗೆ ಕೊಠಡಿಗಳಾಗಿವೆ, ಪ್ರಸಾದನಿಲಯವಾಗಿದೆ, ಮಹಾದ್ವಾರವಾಗಿದೆ. ಆ ಪ್ರಸಾದನಿಲಯದ ಮೆಟ್ಟಿಲುಗಳಿಗೆ ಹಿಡಿಕೆಯ ಸರಳನ್ನೂ, ಪ್ರತಿಯೊಂದು ಮೆಟ್ಟಿಲಿನ ಅಂಚಿಗೆ ಎದ್ದುಕಾಣುವ ಬಿಳಿಯ ಪಟ್ಟಿಯನ್ನೂ, ಮಹಾದ್ವಾರದ ಪಕ್ಕದಲ್ಲಿ ಗಾಲಿಕುರ್ಚಿ ಏರುವಂಥ ಇಳಿಜಾರನ್ನೂ ಮಾಡಿಸುವುದಕ್ಕೆ ಹೆಚ್ಚಿನ ವೆಚ್ಚ ತಗಲದು. ಅವುಗಳ ಮೇಲೆ ದಾನಿಯ ಹೆಸರನ್ನು ಕೆತ್ತಿಸಲು ಸ್ಥಳವಿರುವುದಿಲ್ಲವೆಂಬುದು ನಿಜ. ಆದರೆ ಕಣ್ಣಿಗೆ ಕಾಣದ ಆ ಹೆಸರನ್ನು ತಡವರಿಸುವ ಪಾದವೊಂದು ದಿನವೂ ಓದುತ್ತದೆ.

ಉಪಸಂಹಾರ

ಹಿಂದಿರುಗುವ ಹಿಂದಿನ ದಿನ ಆ ಚೌಕಕ್ಕೆ ಮತ್ತೊಮ್ಮೆ ಹೋಗಿ, ಕಣ್ಣುಮುಚ್ಚಿ, ಪೆಟ್ಟಿಗೆಯ ಅಡಿಯಲ್ಲಿ ಬೆರಳಿಟ್ಟು ನಿಂತೆ. ಸಣ್ಣ ಶಂಕು ತಿರುಗಿತು. ರಸ್ತೆ ದಾಟಿದೆ. ಆಚೆಯ ಬದಿಯ ಗುಬ್ಬಿ ಚಪ್ಪಡಿ ಪಾದಕ್ಕೆ ತಾಗುವವರೆಗೂ ಕಣ್ಣು ತೆರೆಯಲಿಲ್ಲ. ಜೊತೆಗೆ ಬಂದ ಶಿಷ್ಯನು ಗಾಬರಿಯಿಂದ ನನ್ನ ತೋಳನ್ನು ಹಿಡಿದುಕೊಂಡೇ ಇದ್ದನೆಂಬುದನ್ನೂ ಇಲ್ಲಿ ಹೇಳಿಬಿಡುವುದು ನ್ಯಾಯ. ಕೈಹಿಡಿಯುವ ಶಿಷ್ಯನಿರುವುದು ಗುರುವಿನ ಭಾಗ್ಯ. ಆದರೆ ಶಿಷ್ಯನ ಕೈ ಒಂದು ಕ್ಷಣ ತಪ್ಪಿದರೂ ಬೀಳದಂತೆ ಕಾಯುವ ಬೀದಿಯಿರುವುದು ಊರಿನ ಭಾಗ್ಯ. ಅಂದು ನನ್ನ ಗುರುಗಳಿಗೆ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ. ನಮ್ಮ ಇನ್ನೂರ ನಲವತ್ತು ಹೆಜ್ಜೆಗಳಲ್ಲಾದರೂ ಎರಡೂ ಇರಲಿ ಎಂದು ಹಾರೈಸುತ್ತೇನೆ.